ಝುಣಕ ಮತ್ತು ‘ಸರಳ ಅಡುಗೆ’ ಎಂಬ ಮಾತು

ನಮ್ಮ ಅಡುಗೆ ಪುಸ್ತಕಗಳಲ್ಲಿ ಝುಣಕಕ್ಕೆ ಸಿಗುವ ಜಾಗ ಸಾಮಾನ್ಯವಾಗಿ ಅರ್ಧ ಪುಟ. ಒಂದು ಬಟ್ಟಲು ಕಡಲೆ ಹಿಟ್ಟು, ಎರಡು ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ, ಖಾರದ ಪುಡಿ, ಅರಿಸಿನ, ಒಗ್ಗರಣೆಗೆ ಸಾಸಿವೆ, ಜೀರಿಗೆ. ಕೊನೆಗೊಂದು ಸಾಲು: ತರಕಾರಿ ಇಲ್ಲದ ದಿನ ಮನೆಯಲ್ಲಿರುವ ಸಾಮಾನಿನಿಂದಲೇ ಹತ್ತು ನಿಮಿಷದಲ್ಲಿ ಮಾಡಬಹುದಾದ ಸರಳ ಖಾದ್ಯ. ಈಗಿನ ಅಡುಗೆ ವಿಡಿಯೋಗಳೂ ಇದನ್ನೇ ಹೇಳುತ್ತವೆ, ಹಿನ್ನೆಲೆಯಲ್ಲಿ ಒಂದು ಜಾನಪದ ಗೀತೆ ಹಾಕಿ.

ಈ ಸಾಲಿನಲ್ಲಿ ಸುಳ್ಳಿಲ್ಲ. ಒಲೆಯ ಮುಂದೆ ನಿಂತು ಗಡಿಯಾರ ನೋಡಿದರೆ ಹತ್ತೇ ನಿಮಿಷ. ಆದರೆ ‘ಮನೆಯಲ್ಲಿರುವ ಸಾಮಾನು’ ಎಂಬ ಮಾತನ್ನು ಅಷ್ಟು ಸುಲಭವಾಗಿ ದಾಟಿಹೋಗಲು ನನಗೆ ಆಗುತ್ತಿಲ್ಲ. ಅದು ಮನೆಗೆ ಹೇಗೆ ಬಂತು, ಬಂದದ್ದು ಕೆಡದೆ ಹೇಗೆ ಉಳಿಯಿತು, ಯಾರು ಉಳಿಸಿದರು ಎಂಬ ಪ್ರಶ್ನೆಗಳನ್ನು ಆ ಸಾಲು ಕೇಳುವುದಿಲ್ಲ. ಪಾಕಪುಸ್ತಕ ಕೇಳದಿದ್ದರೆ ಹೋಗಲಿ. ನಮ್ಮ ಕಾವ್ಯ, ಕಥೆ, ವಿಮರ್ಶೆಗಳೂ ಅಷ್ಟಾಗಿ ಕೇಳಿಲ್ಲ ಎಂಬುದು ಈ ಲೇಖನದ ತಕರಾರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅಡುಗೆಮನೆಯನ್ನೇ ತೆಗೆದುಕೊಳ್ಳೋಣ. ಗಡಿಯಾಚೆ ಇದನ್ನು ಝುಣಕಾ ಅನ್ನುತ್ತಾರೆ, ತೆಳ್ಳಗಿದ್ದರೆ ಪಿಠಲಾ. ಈಚೆ ಝುಣಕ, ತಾಟಿಗೆ ಸುರಿದು, ತಟ್ಟಿ, ಮೇಲೆ ಕೊಬ್ಬರಿ ತುರಿ ಉದುರಿಸಿ ಚೌಕಾಕಾರಕ್ಕೆ ಕೊಯ್ದರೆ ಝುಣಕದ ವಡಿ. ಮಾಡುವ ಬಗೆ ಇಷ್ಟೇ: ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಉಳ್ಳಾಗಡ್ಡಿ ಬಾಡಿಸಿ, ಖಾರ, ಅರಿಸಿನ, ಉಪ್ಪು ಹಾಕಿ ನೀರು ಕುದಿಸಬೇಕು. ಬಟ್ಟಲು ಹಿಟ್ಟಿಗೆ ಸುಮಾರು ಎರಡು ಬಟ್ಟಲು ನೀರು. ಒಂದು ಕೈ ಹಿಟ್ಟು ಉದುರಿಸುತ್ತಿದ್ದರೆ ಇನ್ನೊಂದು ಕೈ ತಿರುವುತ್ತಿರಬೇಕು. ಕೈ ನಿಂತರೆ ಗಂಟು. ಆಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹಿಟ್ಟಿನ ಹಸಿ ವಾಸನೆ ಹೋಗುವವರೆಗೆ ಬಿಡಬೇಕು.

ಈಗ ಆ ‘ಖಾರ’ ಎಂಬ ಒಂದು ಶಬ್ದವನ್ನು ಬಿಡಿಸಿ ನೋಡಿ. ದಕ್ಷಿಣದ ಓದುಗರು ಅದನ್ನು ಬರಿಯ ಮೆಣಸಿನಕಾಯಿ ಪುಡಿ ಎಂದುಕೊಳ್ಳುತ್ತಾರೆ. ಇಲ್ಲಿ ಖಾರವೆಂದರೆ ಮಸಾಲಿ ಖಾರ, ಬೇಸಿಗೆಯ ಕೆಲಸ. ಬಣ್ಣಕ್ಕೆ ಬ್ಯಾಡಗಿ, ಜೋರಿಗೆ ಸಂಕೇಶ್ವರದ ಕಡೆಯ ಮೆಣಸಿನಕಾಯಿ; ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಕೊತ್ತಂಬರಿ ಬೀಜ, ಎಳ್ಳು, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿ, ಕಲ್ಲುಹೂವುಗಳನ್ನು ಬೇರೆ ಬೇರೆಯಾಗಿ ಹುರಿದು, ಉಳ್ಳಾಗಡ್ಡಿಯನ್ನು ನೀರಿನಂಶ ಉಳಿಯದಂತೆ ಎಣ್ಣೆಯಲ್ಲಿ ಕೆಂಪಗೆ ಕರಿದು, ಬೆಳ್ಳುಳ್ಳಿ ಸೇರಿಸಿ ಕುಟ್ಟಿಸಬೇಕು. ಉಳ್ಳಾಗಡ್ಡಿಯಲ್ಲಿ ಸ್ವಲ್ಪ ಹಸಿ ಉಳಿದರೂ ಮಳೆಗಾಲದಲ್ಲಿ ಇಡೀ ಭರಣಿ ಬೂಸು ಹಿಡಿಯುತ್ತದೆ. ತುಂಬಿದ ಮೇಲೆ ಇಂಗಿನ ಹರಳು ಇಟ್ಟು ಬಾಯಿ ಕಟ್ಟುತ್ತಾರೆ, ಹುಳ ಬೀಳದಿರಲೆಂದು. ಏಪ್ರಿಲ್‌ನಲ್ಲಿ ಖಾರ ಕುಟ್ಟುವ ಗಿರಣಿಯ ಮುಂದೆ ಬುಟ್ಟಿ ಹಿಡಿದು ಸರದಿಗೆ ಕೂತ, ಸೆರಗಿನಿಂದ ಮೂಗು ಮುಚ್ಚಿಕೊಂಡ ಹೆಣ್ಣುಮಕ್ಕಳು ಆಗಸ್ಟ್‌ನ ಝುಣಕವನ್ನು ಆಗಲೇ ಮುಕ್ಕಾಲು ಮಾಡಿ ಮುಗಿಸಿರುತ್ತಾರೆ. ಉಳಿದದ್ದು ಹತ್ತು ನಿಮಿಷ.

ಜೋಳದ್ದು ಇನ್ನೊಂದು ಲೆಕ್ಕ. ಜೋಳದ ಹಿಟ್ಟು ಹಳತಾದಷ್ಟೂ ಕಮಟುತ್ತದೆ. ಜಿಗಿ ಹೋಗಿ ರೊಟ್ಟಿ ತಟ್ಟುವಾಗ ಅಂಚು ಹರಿಯುತ್ತದೆ. ಆದ್ದರಿಂದ ಕಾಳು ಕೂಡಿಡಬಹುದೇ ಹೊರತು ಹಿಟ್ಟನ್ನಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಬೀಸಿಸಬೇಕು. ಬೀಸಿದರೂ ಗೋದಿಯಂತೆ ಅದು ತಾನಾಗಿ ಹಿಡಿದುಕೊಳ್ಳುವುದಿಲ್ಲ, ಕುದಿನೀರಿನ ಎಸರು ಹಾಕಿ ನಾದಬೇಕು. ಇದರ ಜೊತೆಗೆ ನಾಗೊಂದಿಗೆಯ ಮೇಲಿನ ಡಬ್ಬಿಗಳು: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಒಂದೊಂದಕ್ಕೂ ಹುರಿಯುವ ಹದ ಬೇರೆ, ಉಳಿಯುವ ಅವಧಿ ಬೇರೆ. ಶೇಂಗಾದ್ದು ಬೇಗ ಎಣ್ಣೆ ವಾಸನೆ ಹೊಡೆಯುತ್ತದೆ, ಹಾಗಾಗಿ ಅದನ್ನು ಸ್ವಲ್ಪ ಸ್ವಲ್ಪವೇ ಕುಟ್ಟುತ್ತಾರೆ. ಇದನ್ನೆಲ್ಲ ಯಾವ ಪುಸ್ತಕದಲ್ಲೂ ಓದಿ ಕಲಿಯುವುದಿಲ್ಲ.

ಕನ್ನಡ ಕಾವ್ಯಕ್ಕೆ ಅಡುಗೆ ಹೊಸ ವಿಷಯವಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಭಾಗವಿದೆ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ, ಹಿಟ್ಟಿನ ಪಾಕಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಇಬ್ಬರಿಗೂ ಅಡುಗೆಯೆಂದರೆ ಒಲೆಯ ಮೇಲಿನ ಕ್ರಿಯೆ, ಉಣ್ಣುವವರ ಸಂತೋಷ. ಇನ್ನೊಂದು ಕಡೆ ಶರಣರ ಕಥೆಗಳಲ್ಲಿ ಮಾದಾರ ಚೆನ್ನಯ್ಯನ ಅಂಬಲಿ ಇದೆ. ಅರಸನ ಮೃಷ್ಟಾನ್ನ ಬಿಟ್ಟು ಶಿವ ಅದನ್ನು ಉಂಡ. ಅಲ್ಲಿ ಅಂಬಲಿ ಭಕ್ತಿಯ ಗುರುತಾಗುತ್ತದೆ, ಉಂಡವನಿಂದಾಗಿ ದೊಡ್ಡದಾಗುತ್ತದೆ. ನಮ್ಮ ಸಾಹಿತ್ಯ ಬಡ ಊಟವನ್ನು ಕಂಡದ್ದು ಹೆಚ್ಚಾಗಿ ಈ ಎರಡನೆಯ ಕಣ್ಣಿನಿಂದ. ನವೋದಯದ ಹಳ್ಳಿಕಥೆಗಳ ರೊಟ್ಟಿ-ಖಾರದಲ್ಲೂ ಅದೇ ಪುಣ್ಯದ ಪರಿಮಳ ಸುಳಿಯುತ್ತದೆ.

ಇವೆರಡರಿಂದ ಬೇರೆಯಾಗಿ ನಿಲ್ಲುವುದು ಕನಕದಾಸರ ‘ರಾಮಧಾನ್ಯಚರಿತೆ’. ಭತ್ತ ಮತ್ತು ನರೆದಲೆಗ, ಅಂದರೆ ರಾಗಿ, ಯಾರು ಶ್ರೇಷ್ಠರೆಂದು ಜಗಳಾಡುತ್ತವೆ. ಈ ಕಾವ್ಯವನ್ನು ನಾವು ಜಾತಿ, ವರ್ಗಗಳ ರೂಪಕವಾಗಿ ಓದುತ್ತ ಬಂದಿದ್ದೇವೆ. ಆ ಓದಿನ ಬಗ್ಗೆ ನನಗೆ ಜಗಳವಿಲ್ಲ. ಆದರೆ ರಾಮ ತೀರ್ಪಿಗೆ ಬಳಸುವ ಅಳತೆ ಯಾವುದು ನೋಡಿ. ಅಡುಗೆ ಮಾಡಿಸಿ ರುಚಿ ನೋಡಿ ಮುಗಿಸುವುದಿಲ್ಲ. ಕುಲ ಕೇಳಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಹಾಗೆಯೇ ಉಳಿಯುತ್ತದೆ, ರಾಘವನ ಹೆಸರು ಪಡೆಯುತ್ತದೆ. ಇದು ಶುದ್ಧ ಉಗ್ರಾಣದ ಪರೀಕ್ಷೆ. ಕೂಡಿಟ್ಟರೆ ಯಾವುದು ಬಾಳುತ್ತದೆ ಎಂಬುದು ಬರಗಾಲ ಕಂಡ ರೈತನ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ರೈತನ ಹೆಂಡತಿಯ ಪ್ರಶ್ನೆ. ಅದನ್ನು ಶ್ರೇಷ್ಠತೆಯ ಅಳತೆಗೋಲಾಗಿಸಿದ್ದು ಕನಕರ ದೊಡ್ಡ ಧೈರ್ಯ.

ಆದರೂ ಒಂದು ಮಾತಿದೆ. ಆ ಆರು ತಿಂಗಳು ಕಥೆ ಅಯೋಧ್ಯೆಯತ್ತ ಹೊರಟುಬಿಡುತ್ತದೆ. ಸೆರೆಯಲ್ಲಿದ್ದ ಧಾನ್ಯವನ್ನು ಕಾಯುವವರ ಸುದ್ದಿ ನಮಗೆ ಬೇಕಾಗುವುದಿಲ್ಲ, ಏಕೆಂದರೆ ರಾಗಿ ತಾನಾಗಿಯೇ ಉಳಿಯುವ ಕಾಳು. ಸಣ್ಣ ಗಟ್ಟಿ ಕಾಳು, ಹುಳಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಜೋಳ ಹಾಗಲ್ಲ. ಜೋಳಕ್ಕೆ ಹುಳ ಬೇಗ ಬೀಳುತ್ತದೆ. ಬಿಸಿಲು, ಬೂದಿ, ಬೇವಿನ ಸೊಪ್ಪು ಬೇಕು. ನೆಲದಡಿಯ ಹಗೇವಿಗೆ ಹುಲ್ಲು ಹಾಸಿ, ತುಂಬಿ, ಬಾಯಿಗೆ ಮಣ್ಣು ಮೆತ್ತಬೇಕು. ತೆಗೆಯುವಾಗ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಅವಸರ ಮಾಡಿ ಇಳಿದವರು ಸತ್ತದ್ದುಂಟು. ರಾಗಿಯ ನಾಡಿನಲ್ಲಿ ಉಳಿಯುವುದು ಕಾಳಿನ ಗುಣ. ಜೋಳದ ನಾಡಿನಲ್ಲಿ ಉಳಿಸುವುದು ಮನುಷ್ಯರ ಕೆಲಸ. ರಾಮಧಾನ್ಯದ ಕಥೆ ಕೃಷ್ಣೆಯ ದಂಡೆಯಲ್ಲಿ ಹುಟ್ಟಿದ್ದರೆ ಅದರಲ್ಲಿ ಮೂರನೆಯ ಪಾತ್ರವೊಂದು ಇರಲೇಬೇಕಾಗುತ್ತಿತ್ತು.

ಆ ಪಾತ್ರವನ್ನು ಎಲ್ಲಿ ಹುಡುಕೋಣ? ಈ ಭಾಗಕ್ಕೆ ತನ್ನದೇ ಕಾದಂಬರಿಕಾರರಿದ್ದಾರೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ದಲ್ಲಿ ಈ ನೆಲದ ಒಕ್ಕಲುತನವನ್ನೂ ಆಡುಮಾತನ್ನೂ ಕನ್ನಡ ಕಾದಂಬರಿಯೊಳಗೆ ತಂದರು. ಪ್ರಾದೇಶಿಕ ಕಾದಂಬರಿ ಎಂದು ಅದಕ್ಕೊಂದು ಚೀಟಿ ಅಂಟಿಸಿ ನಮ್ಮ ವಿಮರ್ಶೆ ಮುಂದೆ ಹೋಯಿತು. ಭಾಷೆಯ ಸೊಗಡಿನ ಬಗ್ಗೆ ಪುಟಗಟ್ಟಲೆ ಬರೆದವರು ಆ ಬದುಕಿನ ವರ್ಷದ ಲೆಕ್ಕವನ್ನು, ಅಂದರೆ ಸುಗ್ಗಿಯಿಂದ ಸುಗ್ಗಿಗೆ ಮನೆ ಹೇಗೆ ದಾಟುತ್ತದೆ ಎಂಬುದನ್ನು, ಓದುವ ವಿಷಯವೆಂದು ಎಣಿಸಲಿಲ್ಲ.

ಶೇಡಬಾಳ, ಸದಲಗಾ, ಭೋಜ ಊರುಗಳ ಜೈನ ಒಕ್ಕಲು ಮನೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಪದರವಿದೆ. ವ್ರತ ಹಿಡಿದವರು ಗಡ್ಡೆಗೆಣಸು ಮುಟ್ಟುವುದಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲ. ಚಾತುರ್ಮಾಸದಲ್ಲಿ ಸೊಪ್ಪೂ ಇಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಹೀಗೆ ಒಂದೊಂದನ್ನೇ ತೆಗೆಯುತ್ತ ಹೋದರೆ ಉಳಿಯುವುದು ಡಬ್ಬಿಯ ಹಿಟ್ಟು, ಬೇಳೆ, ಇಂಗು, ಜೀರಿಗೆ, ಒಣ ಮೆಣಸಿನಕಾಯಿ. ಅಷ್ಟರಲ್ಲೇ ನಾಲ್ಕು ತಿಂಗಳು, ಬಾಯಿಗೆ ಬೇಸರವಾಗದಂತೆ. ಇಂಗಿನ ಒಗ್ಗರಣೆಯ ಆ ಝುಣಕ ಮಸಾಲಿ ಖಾರದ ಝುಣಕಕ್ಕಿಂತ ಬೇರೆಯೇ ಒಂದು ಅಡುಗೆ. ಕೊರತೆಯಿಂದ ಹುಟ್ಟಿದ್ದು, ಶ್ರದ್ಧೆಯಿಂದ ಹುಟ್ಟಿದ್ದು ಎಂಬ ಎರಡೂ ವಿವರಣೆ ಅದಕ್ಕೆ ಸಾಲುವುದಿಲ್ಲ. ಅದರಲ್ಲಿ ಒಂದು ಬುದ್ಧಿವಂತಿಕೆಯೂ ಇದೆ.

ಬೇರೆ ಭಾಷೆಗಳಲ್ಲಿ ಈ ಕೆಲಸ ನಡೆದಿದೆ. 1942ರ ಯುದ್ಧಕಾಲದ ಅಭಾವದ ನಡುವೆ ಅಮೆರಿಕದ ಎಂ.ಎಫ್.ಕೆ. ಫಿಷರ್ ಇದ್ದದ್ದರಲ್ಲೇ ಅಡುಗೆ ಮಾಡುವ ಬಗ್ಗೆ ಬರೆದ ಪುಸ್ತಕವನ್ನು ಜನ ಇಂದಿಗೂ ಸಾಹಿತ್ಯವೆಂದೇ ಓದುತ್ತಾರೆ. ಹತ್ತಿರದ ಮರಾಠಿಯಲ್ಲಿ ಶಾಹೂ ಪಾಟೋಳೆಯವರ ‘ಅನ್ನ ಹೇ ಅಪೂರ್ಣಬ್ರಹ್ಮ’ ಇದೆ. ಮರಾಠವಾಡದ ದಲಿತ ಕೇರಿಗಳ ಊಟವನ್ನು ಪಾಕವಿಧಾನಗಳ ಸಮೇತ ದಾಖಲಿಸಿದ ಪುಸ್ತಕ ಅದು. ಅನ್ನವೇ ಪೂರ್ಣಬ್ರಹ್ಮ ಎನ್ನುವವರ ಉಗ್ರಾಣ ಯಾವುದು, ಅದಕ್ಕೆ ಬಾಗಿಲೇ ಇಲ್ಲದವರ ಮನೆ ಯಾವುದು ಎಂದು ತಲೆಬರಹದಲ್ಲೇ ಕೇಳಿಬಿಡುತ್ತದೆ. ನನ್ನ ವಾದಕ್ಕೂ ಅದು ಒಂದು ತಡೆ ಹಾಕುತ್ತದೆ. ಹಗೇವು ಇರುವುದು ಹೊಲ ಇದ್ದವರಿಗೆ. ದಿನದ ಕೂಲಿಯಲ್ಲಿ ದಿನದ ಜೋಳ ಕೊಳ್ಳುವ ಮನೆಯಲ್ಲಿ ‘ಮನೆಯಲ್ಲಿರುವ ಸಾಮಾನು’ ಎಂಬ ಮಾತಿಗೆ ಬೇರೆಯೇ ಅರ್ಥ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ, ಬೀಡಿ ಕಟ್ಟುವ ಓಣಿಗಳಲ್ಲಿ ದುಡಿದ ಹೆಣ್ಣುಮಕ್ಕಳ ಬುತ್ತಿಯಲ್ಲೂ ಝುಣಕ ಇದ್ದೇ ಇರುತ್ತದೆ. ಆದರೆ ಅದರ ಹಿಟ್ಟು ಸಂಜೆಯ ಅಂಗಡಿಯ ಪೊಟ್ಟಣದ್ದು. ಒಂದೇ ಹೆಸರಿನ ಈ ಎರಡು ಅಡುಗೆಗಳನ್ನು ‘ಉತ್ತರ ಕರ್ನಾಟಕ ಶೈಲಿ’ ಎಂಬ ಒಂದೇ ಫಲಕದಡಿ ತರುವ ಬರಹ ನನಗೆ ಒಪ್ಪಿಗೆಯಲ್ಲ.

ಸರ್ಕಾರಗಳೂ ಈ ಊಟವನ್ನು ತಮ್ಮದೇ ರೀತಿಯಲ್ಲಿ ಓದಿವೆ. 1995ರಲ್ಲಿ ಮಹಾರಾಷ್ಟ್ರದ ಶಿವಸೇನಾ-ಬಿಜೆಪಿ ಸರ್ಕಾರ ಒಂದು ರೂಪಾಯಿಗೆ ಝುಣಕಾ-ಭಾಕರಿ ಕೊಡುವ ಕೇಂದ್ರಗಳನ್ನು ತೆರೆಯಿತು. ಕೆಲವೇ ವರ್ಷಗಳಲ್ಲಿ ಯೋಜನೆ ಸೊರಗಿತು. ಎಷ್ಟೋ ಗಾಡಿಗಳು ಬೇರೆ ತಿಂಡಿ ಮಾರತೊಡಗಿದವು. ಅದಕ್ಕೆ ಹಣಕಾಸಿನ, ರಾಜಕಾರಣದ ಕಾರಣಗಳಿವೆ. ಜೊತೆಗೆ ಒಂದು ಅಡುಗೆಮನೆಯ ಕಾರಣವೂ ಇದೆ ಎಂದು ನನ್ನ ಅನಿಸಿಕೆ: ಝುಣಕವನ್ನು ಹಂಡೆಯಲ್ಲಿ ಬೇಯಿಸಬಹುದು, ಭಾಕರಿಯನ್ನು ಮಾತ್ರ ಒಂದೊಂದಾಗಿ ಕೈಯಿಂದಲೇ ತಟ್ಟಬೇಕು. ಅಗ್ಗದ ಸಾಮಾನು ಎಂದರೆ ಅಗ್ಗದ ಊಟ ಎಂದು ತಿಳಿದ ಯೋಜನೆ ಆ ಕೈಗೆ ಬೆಲೆ ಕಟ್ಟಿರಲಿಲ್ಲ. ಈಚೆ 2013ರ ಅನ್ನಭಾಗ್ಯ ಮನೆಮನೆಗೆ ಅಕ್ಕಿ ತಂದಿತು. ಹಸಿವಿನ ದೃಷ್ಟಿಯಿಂದ ಅದನ್ನು ಹಳಿಯುವುದು ಉಂಡವರ ಮಾತಾಗುತ್ತದೆ, ನಾನು ಹಳಿಯಲಾರೆ. ಆದರೆ ಅಕ್ಕಿಯ ಜೊತೆ ಝುಣಕ ಕೂಡುವುದಿಲ್ಲ. ಇನ್ನು ಕಬ್ಬು. ಉಗಾರದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಕ್ಕರೆ ಕಾರ್ಖಾನೆ ಬಂತು, ಆಮೇಲೆ ಸುತ್ತಲೂ ಕಾರ್ಖಾನೆಗಳು. ನೀರು ಸಿಕ್ಕ ಹೊಲ ಜೋಳ ಬಿಟ್ಟು ಕಬ್ಬಿಗೆ ತಿರುಗಿತು. ಎಕರೆಗಟ್ಟಲೆ ಹೊಲವಿದ್ದವರೂ ಈಗ ಜೋಳ ಕೊಂಡು ತಿನ್ನುತ್ತಾರೆ. ಹಗೇವು ಮುಚ್ಚಿದ ಜಾಗದ ಮೇಲೆ ಟ್ರ್ಯಾಕ್ಟರ್ ನಿಲ್ಲುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಇಂಗಳಿ, ಯಡೂರ, ಮಾಂಜರಿ, ಕುಡಚಿ, ಜುಗೂಳಗಳಂಥ ಊರುಗಳು ನೀರಿಗೆ ಸಿಕ್ಕವು. ಆಗ ಉತ್ತರ ಕರ್ನಾಟಕದ ಬೇರೆ ಜಿಲ್ಲೆಗಳಿಂದ ಲಾರಿಗಳಲ್ಲಿ ಬಂದದ್ದೇನು? ಕಟಿ ರೊಟ್ಟಿಯ ಗಂಟುಗಳು, ಶೇಂಗಾ ಹಿಂಡಿಯ ಪೊಟ್ಟಣಗಳು. ಓಣಿಯ ಹೆಂಗಸರು ಒಟ್ಟಾಗಿ ಕೂತು ಸಾವಿರಗಟ್ಟಲೆ ರೊಟ್ಟಿ ಬಡಿದು ಕಳಿಸಿದರು. ಪತ್ರಿಕೆಗಳು ಅದನ್ನು ಮಾನವೀಯತೆ ಎಂದು ಬರೆದವು, ನಿಜವೇ. ಆದರೆ ಒಣಗಿಸಿಟ್ಟ ರೊಟ್ಟಿ ತಿಂಗಳು ಕೆಡುವುದಿಲ್ಲ, ಹಿಂಡಿಗೆ ಒಲೆ ಬೇಡ, ಎರಡೂ ಕೂಡಿ ಪೂರ್ತಿ ಊಟವಾಗುತ್ತವೆ ಎಂಬ ತಿಳಿವಳಿಕೆ ಆ ಮನೆಗಳಲ್ಲಿ ಮೊದಲೇ ಇತ್ತು. ಇಲ್ಲದಿದ್ದರೆ ಆ ಮಾನವೀಯತೆ ಎರಡು ದಿನದಲ್ಲಿ ಹಳಸಿಹೋಗುತ್ತಿತ್ತು.

ಅದೇ ನೀರು ಇನ್ನೊಂದನ್ನೂ ಮಾಡಿತು. ಬಿದ್ದ ಗೋಡೆಗಳ ಎಣಿಕೆಯಾಯಿತು, ಬೆಳೆಯ ಸಮೀಕ್ಷೆಯಾಯಿತು, ಬಟ್ಟೆಬರೆ, ಪಾತ್ರೆಗಳ ಬಾಬತ್ತು ಕುಟುಂಬಕ್ಕೆ 10,000 ರೂಪಾಯಿಯ ತುರ್ತು ಪರಿಹಾರ ಬಂತು. ನೀರಿನಲ್ಲಿ ನಿಂತ ಖಾರದ ಭರಣಿ, ಮೊಳಕೆಯೊಡೆದ ಜೋಳದ ಚೀಲ, ವರ್ಷಕ್ಕೆಂದು ಒಡೆಸಿ ಎಣ್ಣೆ ಸವರಿ ಇಟ್ಟ ಬೇಳೆಗೆ ಆ ಫಾರಮ್ಮಿನಲ್ಲಿ ಕಲಮು ಇರಲಿಲ್ಲ. ನಮ್ಮ ಕಥೆಗಳಲ್ಲೂ ಪ್ರವಾಹ ಬಂದಾಗ ಕೊಚ್ಚಿಹೋಗುವುದು ಮನೆ, ದನ, ಕೆಲವೊಮ್ಮೆ ಪ್ರೇಮಿ. ಮುಂದಿನ ಬೇಸಿಗೆಯವರೆಗೆ ಎಂಟು ತಿಂಗಳು ಪೇಟೆಯ ಖಾರದ ಪೊಟ್ಟಣದಲ್ಲಿ ಅಡುಗೆ ಮಾಡಬೇಕಾದ ಹೆಂಗಸಿನ ಸಿಟ್ಟನ್ನು ಕುರಿತ ಕಥೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಯಾರಾದರೂ ಬರೆಯುವುದಾದರೆ ಏಪ್ರಿಲ್‌ನಿಂದ ಶುರು ಮಾಡಲಿ, ಮೆಣಸಿನಕಾಯಿಯ ತೊಟ್ಟು ಮುರಿಯುವಲ್ಲಿಂದ.