ಡಿಸ್ಚಾರ್ಜ್ ಆದ ಮೇಲೆ

ಕುಮಾರಸ್ವಾಮಿ ಲೇಔಟಿನಲ್ಲಿ ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಕೊಂಡವರ ಹತ್ತಿರ ದೊಡ್ಡ ಕಾಯಿಲೆಯ ಮಾತೆತ್ತಿದರೆ ಉತ್ತರ ತಯಾರಿರುತ್ತದೆ. ಕಂಪನಿಯ ಮೆಡಿಕ್ಲೈಮ್ ಇದೆ, ಚೀಟಿ ಹಾಕಿದ್ದೇವೆ, ಒಡವೆ ಇದೆ, ಯಾವುದೂ ಸಾಲದಿದ್ದರೆ ಮೇಲಿನ ಮನೆ ಲೀಸಿಗೆ ಕೊಟ್ಟರಾಯಿತು. ದಡ್ಡರು ಮಾಡಿಕೊಂಡ ಏರ್ಪಾಡಲ್ಲ ಇದು. ಆದರೆ ಇದಿಷ್ಟೂ ಆಸ್ಪತ್ರೆಯ ಬಿಲ್ಲಿಗೆ ಮಾಡಿಕೊಂಡ ಸಿದ್ಧತೆ. ಮನೆಯಲ್ಲಿ ದುಡಿಯುವವರೇ ಹಾಸಿಗೆ ಹಿಡಿದರೆ ನಿಂತುಹೋಗುವ ಸಂಬಳದ ಲೆಕ್ಕವನ್ನು ಇದರಲ್ಲಿ ಯಾರೂ ಬರೆದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಲೀಸನ್ನೇ ತೆಗೆದುಕೊಳ್ಳಿ. ತಿಂಗಳ ಬಾಡಿಗೆ ಇಲ್ಲ, ಒಂದೇ ಸಲಕ್ಕೆ ಇಡುಗಂಟು. ಎರಡು ಮೂರು ವರ್ಷ ಬಿಟ್ಟು ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್. ಹಳ್ಳಿಯ ಭೋಗ್ಯವೇ ಸ್ವಲ್ಪ ವೇಷ ಬದಲಿಸಿ ಬಂದಿದೆ. 20,000 ಬಾಡಿಗೆ ಬರುತ್ತಿದ್ದ ಮನೆಗೆ 15 ಲಕ್ಷ ಸಿಕ್ಕಿತೆನ್ನಿ. ವರ್ಷಕ್ಕೆ ಕೈಬಿಟ್ಟು ಹೋದ ಬಾಡಿಗೆ 2,40,000. ಆ ದುಡ್ಡಿಗೆ ನೂರಕ್ಕೆ 16ರ ಬಡ್ಡಿ ಕಟ್ಟಿದ ಹಾಗಾಯಿತು. ಬ್ಯಾಂಕಿನಲ್ಲಿ ಒಡವೆ ಅಡ ಇಟ್ಟರೂ ಇಷ್ಟು ಬೀಳುವುದಿಲ್ಲ. ಬಡ್ಡಿ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಲೀಸಿನ ಜನಪ್ರಿಯತೆಗೆ ಕಾರಣ ಎಂದು ನನ್ನ ಗುಮಾನಿ. ದಯಾನಂದ ಸಾಗರ್ ಕಾಲೇಜಿನ ಹುಡುಗರಿಂದಾಗಿ ಮನೆ ಖಾಲಿ ಬೀಳುವ ಭಯ ಅಷ್ಟಾಗಿ ಇಲ್ಲದ ಏರಿಯಾ ಇದು. ಸಂಬಳ ನಿಂತ ಮನೆಗೆ ತಿಂಗಳು ತಿಂಗಳು ಬರುತ್ತಿದ್ದ ಆ ಒಂದು ಆದಾಯವನ್ನೂ ಕೊಟ್ಟು, ಆಸ್ಪತ್ರೆಗೆ ಸುರಿಯಲು ಇಡುಗಂಟು ತರುವುದು ಯಾವ ಲೆಕ್ಕ? ಅವಧಿ ಮುಗಿದಾಗ ಹಿಂದಿರುಗಿಸಲು ಹಣ ಇರುವುದಿಲ್ಲ. ಇನ್ನೊಬ್ಬ ಲೀಸಿನವರನ್ನು ಹುಡುಕಬೇಕು.

ಚೀಟಿಯದೂ ಇದೇ ಕಥೆ. ಕೂಗಿ ಎತ್ತಿದ ಮೇಲೆ ಉಳಿದ ಕಂತು ಕಟ್ಟುತ್ತಲೇ ಇರಬೇಕು, ಕಾನೂನುಬದ್ಧ ಚೀಟಿಯಾದರೆ ದುಡ್ಡು ಕೈಗೆ ಬರುವ ಮೊದಲು ಜಾಮೀನು ಕೊಡಬೇಕು. ಐಸಿಯುನಲ್ಲಿ ಮಲಗಿರುವವರ ಚೀಟಿಗೆ ಜಾಮೀನು ನಿಲ್ಲಲು ಬಂಧುಗಳು ಹಿಂದೆಮುಂದೆ ನೋಡುವುದು ಸಹಜ.

ಇನ್ನು ಮೆಡಿಕ್ಲೈಮ್. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಒಳ್ಳೆಯ ಕೆಲಸಗಳನ್ನೇ ಮಾಡಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕೆಂದಾಯಿತು. 2025ರ ಸೆಪ್ಟೆಂಬರ್ 22ರಿಂದ ಸ್ವಂತವಾಗಿ ಮಾಡಿಸಿದ ಪಾಲಿಸಿಯ ಮೇಲೆ ಜಿಎಸ್‌ಟಿಯೂ ಇಲ್ಲ. ಆದರೆ ಇದೆಲ್ಲ ಆಸ್ಪತ್ರೆಯ ಬಾಗಿಲ ಒಳಗಿನ ಮಾತು. ಕೊಡಬೇಕಿಲ್ಲದ ವಸ್ತುಗಳ ಪಟ್ಟಿಯೊಂದು ಪಾಲಿಸಿಯ ಕೊನೆಗೆ ಸಣ್ಣಕ್ಷರದಲ್ಲಿ ಅಂಟಿಕೊಂಡಿರುತ್ತದೆ, 68 ಬಾಬತ್ತು. ಅದನ್ನು ಒಮ್ಮೆ ಓದಿ: ಯಾವ ಬಗೆಯದಾದರೂ ಡೈಪರ್, ಕ್ರೇಪ್ ಬ್ಯಾಂಡೇಜ್, ನಡೆಯಲು ಆಸರೆಯ ಸಲಕರಣೆ, ಖಾಸಗಿ ನರ್ಸ್. ಲಕ್ವ ಹೊಡೆದವರನ್ನು ಮನೆಗೆ ಕರೆತಂದ ಮಾರನೆಯ ದಿನದಿಂದ ಬೇಕಾಗುವುದು ಇವೇ. ಡಿಸ್ಚಾರ್ಜ್ ನಂತರದ ಖರ್ಚಿಗೆ, ಉದಾಹರಣೆಗೆ, ಆರೋಗ್ಯ ಸಂಜೀವನಿ ಪಾಲಿಸಿ ಕೊಡುವ ಗಡುವು 60 ದಿನ. ಫಿಸಿಯೋಥೆರಪಿಯವರು ಅಷ್ಟರಲ್ಲಿ ಕಾಲು ಅಲುಗಾಡಿಸುವುದನ್ನು ಕಲಿಸಿದ್ದರೆ ಪುಣ್ಯ.

ಕಂಪನಿಯ ಮೆಡಿಕ್ಲೈಮಿಗೆ ಇನ್ನೂ ಒಂದು ಐಬು: ಕೆಲಸ ಹೋದರೆ ಅದೂ ಹೋಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಸೆಕ್ಷನ್, ಸೇವೆಯಲ್ಲಿರುವಾಗ ವೈಕಲ್ಯ ಬಂದವರನ್ನು ತೆಗೆಯಬಾರದು, ಬೇರೆ ಹುದ್ದೆ ಸಿಗದಿದ್ದರೆ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಡಬೇಕು ಎನ್ನುತ್ತದೆ. ಆದರೆ ಆ ಮಾತು ಸರ್ಕಾರಿ ಸಂಸ್ಥೆಗಳಿಗೆ. ಸಾಫ್ಟ್‌ವೇರಿನವರಿಗೆ ಆ ರಕ್ಷಣೆಯಿಲ್ಲ.

ತಮಾಷೆಯೆಂದರೆ ಸಂಬಳ ನಿಂತಾಗ ಸಂಬಳ ಕೊಡುವ ಏರ್ಪಾಡು ನಮ್ಮ ನಡುವೆಯೇ ಇದೆ, ನಾವು ಮೂಗು ಮುರಿಯುವ ಇಎಸ್‌ಐನಲ್ಲಿ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಅದು. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70. ಅರೆ ದೇಹ ಬಿದ್ದುಹೋಗುವಂಥ 34 ದೀರ್ಘ ಕಾಯಿಲೆಗಳಿಗೆ, ನಿಗದಿತ ಅವಧಿ ವಂತಿಗೆ ಕಟ್ಟಿದ್ದರೆ, ನೂರಕ್ಕೆ 80ರಂತೆ ಎರಡು ವರ್ಷದವರೆಗೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ, ವಂತಿಗೆ ಸರಿಯಾಗಿ ಕಟ್ಟುವ ಏಜೆನ್ಸಿಯ ಸೆಕ್ಯುರಿಟಿಯವನಿಗೆ ಲಕ್ವ ಹೊಡೆದರೆ ಸಿಗುವ ಈ ಭದ್ರತೆ, ಅವನು ಸಲ್ಯೂಟ್ ಹೊಡೆಯುವ ಮಾಲೀಕರಿಗಿಲ್ಲ.

ಅದಕ್ಕೆ ಬದಲಿ ಕೊಂಡುಕೊಳ್ಳಬೇಕು. ಆದರೆ ಕೊಳ್ಳುವ ಮುನ್ನ ಓದಬೇಕು. ಬ್ಯಾಂಕು ವರ್ಷಕ್ಕೆ 20 ರೂಪಾಯಿ ಮುರಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದಲ್ಲಿ ಎರಡೂ ಕಣ್ಣೋ ಎರಡೂ ಕೈಯೋ ಹೋದರೆ 2 ಲಕ್ಷ, ಒಂದು ಕಾಲು ಹೋದರೆ 1 ಲಕ್ಷ ಕೊಡುತ್ತದೆ. 20 ರೂಪಾಯಿಗೆ ಅದು ದೊಡ್ಡದೇ, ಬೇಡವೆನ್ನಬೇಡಿ. ಆದರೆ ಲಕ್ವ ಅಪಘಾತವಲ್ಲ. 2021ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಾಗಿ ಬಂದ ಸರಳ್ ಸುರಕ್ಷಾ ಬಿಮಾದಲ್ಲಿ ಐಚ್ಛಿಕವಾಗಿ ಸೇರಿಸಿಕೊಳ್ಳಬಹುದಾದ ಒಂದು ಭಾಗ ನನಗೆ ಹೆಚ್ಚು ಇಷ್ಟ: ಅಪಘಾತದಿಂದ ಕೆಲಸಕ್ಕೆ ಹೋಗಲಾಗದಿದ್ದಷ್ಟು ದಿನ, 100 ವಾರ ಮೀರದಂತೆ, ವಾರಕ್ಕೆ ಇಷ್ಟು ಎಂದು ಹಣ ಬರುತ್ತದೆ. ನಮ್ಮ ಏಜೆಂಟರು ಇದನ್ನು ಹೇಳುವುದು ಕಡಿಮೆ. ಕಮಿಷನ್ ಬರುವುದು ದೊಡ್ಡ ಪ್ರೀಮಿಯಮ್ಮಿನಲ್ಲಿ. ಲಕ್ವ, ಕ್ಯಾನ್ಸರಿಗೆ ಇಡುಗಂಟು ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯೂ ಬೇಕಾದದ್ದೇ. ಆದರೆ ಅದರ ನಿಯಮದಲ್ಲಿ ಲಕ್ವ ಎಂದರೆ ಕನಿಷ್ಠ ಮೂರು ತಿಂಗಳು ಉಳಿದ ಶಾಶ್ವತ ನರದೋಷ. ಆ ಮೂರು ತಿಂಗಳ ಮನೆಖರ್ಚು, ಇಎಂಐ ಎರಡಕ್ಕೂ ಎಫ್‌ಡಿಯೊಂದು ಬೇರೆಯೇ ಇರಬೇಕು.

ಇಷ್ಟೆಲ್ಲ ಇದ್ದರೂ ಒಂದು ಸಹಿಗೆ ಸಂಸಾರ ನಿಂತುಹೋಗಬಹುದು. ಸೈಟು ಯಜಮಾನರ ಹೆಸರಲ್ಲಿ, ಚೀಟಿ ಅವರ ಹೆಸರಲ್ಲಿ, ಅಕೌಂಟೂ ಅವರೊಬ್ಬರದೇ, ಅವರಿಗೆ ಪ್ರಜ್ಞೆಯಿಲ್ಲ. ಲೀಸ್ ಕರಾರಿಗೆ ಸಹಿ ಹಾಕುವವರು ಯಾರು? ಜಿಪಿಎ ಇದೆ ಎನ್ನುತ್ತಾರೆ. ಸೈಟು ವ್ಯವಹಾರದಲ್ಲಿ ಬೆಳೆದ ಬೆಂಗಳೂರಿಗೆ ಜಿಪಿಎ ಮೇಲೆ ಅಪಾರ ನಂಬಿಕೆ. ಆದರೆ 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ ಅಧಿಕಾರ ಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಆ ಅಧಿಕಾರವೂ ಮುಗಿಯುತ್ತದೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಹೆಂಡತಿ ಮಕ್ಕಳು ಹೈಕೋರ್ಟಿಗೆ ರಿಟ್ ಹಾಕಿಕೊಳ್ಳಬೇಕು. ಕೇರಳ ಹೈಕೋರ್ಟ್ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಹಾಕಿಕೊಟ್ಟದ್ದು ಈ ಕೊರತೆಯಿಂದಲೇ.

ಪ್ರಜ್ಞೆಯಿದ್ದು ಕೈ ಮಾತ್ರ ಬಿದ್ದಿದ್ದರೆ ರಿಸರ್ವ್ ಬ್ಯಾಂಕ್ ದಾರಿ ಬಿಟ್ಟಿದೆ: ಹೆಬ್ಬೆಟ್ಟು ಅಥವಾ ಕಾಲಬೆರಳಿನ ಗುರುತು, ಇಬ್ಬರು ಸಾಕ್ಷಿ, ಅದರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. ಈ ನಿಯಮ ಗೊತ್ತಿಲ್ಲದ ಕೌಂಟರುಗಳೂ ಇವೆ, ಮ್ಯಾನೇಜರನ್ನೇ ಕೇಳಿ. ಇದಕ್ಕಿಂತ ಸುಲಭದ್ದು, ಈಗಲೇ ಗಂಡ ಹೆಂಡತಿ ಇಬ್ಬರೂ ಬ್ರಾಂಚಿಗೆ ಹೋಗಿ ಖಾತೆಯನ್ನೂ ಎಫ್‌ಡಿಯನ್ನೂ ಜಂಟಿ ಮಾಡಿಸಿ, ‘ಐದರ್ ಆರ್ ಸರ್ವೈವರ್’ ಎಂಬ ಚೌಕಕ್ಕೆ ಟಿಕ್ ಹಾಕುವುದು. ಬರೀ ನಾಮಿನಿ ಹೆಸರು ಬರೆಸಿ ಬಂದರೆ ಸಾಲದು. ನಾಮಿನಿಗೆ ಹಣ ಸಿಗುವುದು ಖಾತೆದಾರರು ತೀರಿಕೊಂಡ ಮೇಲೆ.