ಕಿವಿಗೆ ಬಿದ್ದ ಸಾಕ್ಷ್ಯ: ಅಪರಾಧ ವಿಷಯಕ ಪಾಡ್‌ಕಾಸ್ಟುಗಳನ್ನು ಕುರಿತು

ಅಪರಾಧ, ರಹಸ್ಯ, ಒಳಸಂಚು ಇವುಗಳನ್ನು ವಸ್ತುವಾಗಿ ಉಳ್ಳ ಪಾಡ್‌ಕಾಸ್ಟುಗಳಲ್ಲಿ ಯಾವುದನ್ನು ಕೇಳಬಹುದೆಂದು ವಿದ್ಯಾರ್ಥಿಗಳು ನಮ್ಮನ್ನು ಆಗಾಗ ಪ್ರಶ್ನಿಸುವುದುಂಟು. ಇತಿಹಾಸದ ಅಧ್ಯಾಪಕರಿಗೆ ಇದರ ಗೊಡವೆ ಏಕೆಂದು ಮೊದಮೊದಲು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಹೀಗಿರಲು, ಸಂಸ್ಥಾನವೊಂದರ ಉತ್ತರಾಧಿಕಾರವನ್ನು ಕುರಿತು ಬರೆದ ಪ್ರಬಂಧವೊಂದು ನಮ್ಮ ಕೈಗೆ ಬಂದಿತು. ಕಾಗದಪತ್ರಗಳಲ್ಲಿ ಉಲ್ಲೇಖವಿಲ್ಲದಿರುವುದೇ ಸಂಚು ನಡೆದುದಕ್ಕೆ ಪ್ರಮಾಣವೆಂದು ಅದರಲ್ಲಿ ವಾದಿಸಿದ್ದಿತು. ಬರೆದಾತನು ದಡ್ಡನಲ್ಲ, ಶ್ರಮಪಟ್ಟು ಓದುವವನು. ಈ ತರ್ಕವನ್ನು ಎಲ್ಲಿ ಕಲಿತೆಯಪ್ಪಾ ಎಂದು ಕೇಳಲಾಗಿ, ಬಸ್ಸಿನಲ್ಲಿ ಬರುತ್ತ ತಾನು ಕೇಳುವ ಧಾರಾವಾಹಿಗಳ ಹೆಸರುಗಳನ್ನು ನಿಸ್ಸಂಕೋಚವಾಗಿ ಹೇಳಿದನು. ಆ ಬಳಿಕ ನಾವೂ ಅವುಗಳನ್ನು ಕೇಳತೊಡಗಿದೆವು.

ನಮ್ಮ ಅಳತೆಗೋಲು ಶಾಸನ ಸಂಪಾದನೆಯಿಂದ ಬಂದುದು. ಕಲ್ಲು ಒಡೆದು ಅಕ್ಷರ ಹೋದ ಕಡೆ ಸಂಪಾದಕನು ಚುಕ್ಕಿಗಳನ್ನಿಡುತ್ತಾನೆ. ಊಹಿಸಿದ ಪಾಠವಿದ್ದರೆ ಅದನ್ನು ಕಂಸದೊಳಗೆ ಕೊಟ್ಟು, ಇದು ತನ್ನದು, ಕಲ್ಲಿನದಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಕಿವಿಗಾಗಿ ಹೇಳಿದ ಕಥನದಲ್ಲಿ ಚುಕ್ಕಿಯೂ ಇಲ್ಲ, ಕಂಸವೂ ಇಲ್ಲ. ಅಕ್ಷರ ಬಿಟ್ಟುಹೋದೆಡೆಯಲ್ಲಿ ಮೆಲ್ಲನೆ ಸಂಗೀತ ಎದ್ದುಬರುತ್ತದೆ. ಕೇಳುವವನಿಗೆ ಅಲ್ಲಿ ಏನೋ ಇದೆಯೆಂಬ ಭಾವನೆ ಹುಟ್ಟುತ್ತದೆ. ಈ ಕೊರತೆಯನ್ನು ಯಾವ ಧಾರಾವಾಹಿ ಹೇಗೆ ತುಂಬಿಕೊಂಡಿದೆಯೆಂಬುದೇ ನಮ್ಮ ಪ್ರಶ್ನೆ.

ಮೊದಲು ವಿಚಾರಿಸಬೇಕಾದುದು 2014ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹನ್ನೆರಡು ಕಂತುಗಳಲ್ಲಿ ಪ್ರಸಾರವಾದ ‘ಸೀರಿಯಲ್’. ಈ ಪ್ರಕಾರಕ್ಕೆ ಜಗತ್ತಿನಾದ್ಯಂತ ಶ್ರೋತೃಗಳನ್ನು ದೊರಕಿಸಿಕೊಟ್ಟುದು ಇದೇ. 1999ರ ಜನವರಿ 13ರಂದು ಅಮೆರಿಕದ ಬಾಲ್ಟಿಮೋರ್ ಪ್ರಾಂತದ ಪ್ರೌಢಶಾಲಾ ವಿದ್ಯಾರ್ಥಿನಿ ಹೇ ಮಿನ್ ಲೀ ಕಾಣೆಯಾದಳು. ಫೆಬ್ರವರಿಯಲ್ಲಿ ಲೀಕಿನ್ ಪಾರ್ಕಿನಲ್ಲಿ ಆಕೆಯ ಶವ ದೊರೆಯಿತು. ಆಕೆಯ ಹಿಂದಿನ ಗೆಳೆಯ, ಆಗ ಹದಿನೇಳು ವರ್ಷದ ಅದ್ನಾನ್ ಸೈಯದನಿಗೆ 2000ದಲ್ಲಿ ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. ನಿರೂಪಕಿ ಸಾರಾ ಕೇನಿಗ್ ಅವರು ಹದಿನೈದು ವರ್ಷಗಳ ಅನಂತರ ಆ ಕಡತವನ್ನು ಮತ್ತೆ ಬಿಚ್ಚಿದರು.

ಕಳೆದುಹೋದ ಸಾಮಾನ್ಯ ದಿನವೊಂದರಲ್ಲಿ ನೀವು ಎಲ್ಲಿದ್ದಿರಿ, ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಹೇಳಬಲ್ಲಿರಾ ಎಂಬ ಪ್ರಶ್ನೆಯಿಂದ ಆಕೆ ಆರಂಭಿಸುತ್ತಾರೆ. ಸಾಕ್ಷಿಯ ನೆನಪನ್ನು ಕುರಿತು ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನಾವು ಪಠ್ಯಪುಸ್ತಕಗಳಲ್ಲಿಯೂ ಕಾಣೆವು. ಶಾಲೆ ಬಿಟ್ಟ ಬಳಿಕದ ಇಪ್ಪತ್ತೊಂದು ನಿಮಿಷಗಳಲ್ಲಿ ಕೊಲೆ ನಡೆದಿರಲು ಸಾಧ್ಯವೆ ಎಂದು ತಾವೇ ಕಾರಿನಲ್ಲಿ ಹೋಗಿ ಪರೀಕ್ಷಿಸುವ ಭಾಗವೂ ಮೆಚ್ಚತಕ್ಕದ್ದೇ. ಆದರೆ ಮುಂದೆ ಮುಂದೆ ಹೋದಂತೆ ಆಕೆಯ ಸಂಶಯವು ಪ್ರಮಾಣಕ್ಕಿಂತಲೂ ವಾರದ ಲಯಕ್ಕೆ ಅಧೀನವಾಗುತ್ತದೆ. ಈ ವಾರ ನಂಬಿಕೆ, ಮುಂದಿನ ವಾರ ಅಪನಂಬಿಕೆ. ಕಡೆಯ ಕಂತಿನಲ್ಲಿ ನಿರ್ಣಯ ಹೇಳದಿರುವುದನ್ನು ಹಲವರು ದೋಷವೆಂದರು. ನಮಗೆ ಅದು ದೋಷವಲ್ಲ. ಅನಿಶ್ಚಯವನ್ನು ರುಚಿಯಾಗಿ ಬಡಿಸಿದುದು ದೋಷ.

ಇದಕ್ಕೆ ಹೋಲಿಸಿ ನೋಡಬೇಕಾದುದು 2015ರಲ್ಲಿ ಆರಂಭವಾದ ‘ಅನ್‌ಡಿಸ್‌ಕ್ಲೋಸ್ಡ್’. ಇದನ್ನು ನಡೆಸಿದವರು ವಕೀಲರು. ಅದರಲ್ಲಿಯೂ ಸೈಯದನ ಪಕ್ಷವನ್ನು ಬಹಿರಂಗವಾಗಿಯೇ ಹಿಡಿದವರು. ಕಥನಕಲೆಯೆಂಬುದು ಇದರಲ್ಲಿ ಇಲ್ಲವೆಂದೇ ಹೇಳಬೇಕು. ನಾವು ಎರಡು ಸಲ ನಿದ್ರೆಹೋದೆವು. ಹಾಗಿದ್ದರೂ ಅವರಲ್ಲೊಬ್ಬರಾದ ಸೂಸನ್ ಸಿಂಪ್ಸನ್ ಅವರು ದೂರವಾಣಿ ದಾಖಲೆಯ ಫ್ಯಾಕ್ಸ್ ಮುಖಪುಟವನ್ನು ಓದಿದರು. ಒಳಬಂದ ಕರೆಗಳು ಸ್ಥಳನಿರ್ಣಯಕ್ಕೆ ವಿಶ್ವಾಸಾರ್ಹವಲ್ಲವೆಂದು ಕಂಪೆನಿಯೇ ಅದರಲ್ಲಿ ಎಚ್ಚರಿಸಿದ್ದಿತು. ಶವವನ್ನು ಹೂತ ಸ್ಥಳದ ವಾದವಾದರೋ ಒಳಬಂದ ಎರಡು ಕರೆಗಳನ್ನು ನೆಚ್ಚಿದ್ದಿತು. ಈ ವಿಷಯದಲ್ಲಿ ತಜ್ಞಸಾಕ್ಷಿಯನ್ನು ಪ್ರತಿವಾದಿ ವಕೀಲರು ಪಾಟೀಸವಾಲು ಮಾಡಲಿಲ್ಲವೆಂಬ ಕಾರಣದಿಂದ 2016ರಲ್ಲಿ ನ್ಯಾಯಾಧೀಶರೊಬ್ಬರು ಶಿಕ್ಷೆಯನ್ನು ತಳ್ಳಿಹಾಕಿದರು. ಆ ಆಜ್ಞೆಯು 2019ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ನಿಲ್ಲಲಿಲ್ಲವೆಂಬುದು ಬೇರೆ ಮಾತು. ಪತ್ರದ ಒಡಲನ್ನು ಓದಿ ಲಕೋಟೆಯನ್ನು ಬಿಸುಡುವ ಅಭ್ಯಾಸ ನಮ್ಮ ಸಂಶೋಧಕರಲ್ಲಿಯೂ ಇಲ್ಲದಿಲ್ಲ.

ಮುಂದಿನ ಕಥೆ ದೀರ್ಘವಾದುದು. 2022ರ ಸೆಪ್ಟೆಂಬರಿನಲ್ಲಿ ಸೈಯದನ ಬಿಡುಗಡೆಯಾಯಿತು. 2023ರಲ್ಲಿ ಶಿಕ್ಷೆ ಮರುಸ್ಥಾಪಿತವಾಯಿತು. 2024ರಲ್ಲಿ ಮೇರಿಲ್ಯಾಂಡಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರ ಮಾರ್ಚಿನಲ್ಲಿ, ಅಪರಾಧ ನಿರ್ಣಯ ಹಾಗೆಯೇ ಉಳಿದು, ಅನುಭವಿಸಿದಷ್ಟೇ ಶಿಕ್ಷೆ ಸಾಕೆಂದು ಆಜ್ಞೆಯಾಯಿತು. ಇವುಗಳ ನಡುವೆ ನಾವು ಮರೆಯಲಾರದುದು ಒಂದು. 2022ರ ವಿಚಾರಣೆಗೆ ಮೃತಳ ಸೋದರನಿಗೆ ಸಕಾಲದಲ್ಲಿ ಸೂಚನೆ ಹೋಗಿರಲಿಲ್ಲ. ದೂರದಿಂದಲೇ ಮಾತನಾಡಿದ ಆತನು, ಇದು ತನಗೆ ಪಾಡ್‌ಕಾಸ್ಟಲ್ಲ, ಬದುಕು ಎಂಬರ್ಥದ ಮಾತನ್ನು ಹೇಳಿದನು. ಆತನ ಹಕ್ಕಿಗೆ ಚ್ಯುತಿ ಬಂದಿತೆಂಬುದೇ ಮೇಲಿನ ನ್ಯಾಯಾಲಯದ ತೀರ್ಪಿಗೆ ಆಧಾರವಾಯಿತು. ‘ಸೀರಿಯಲ್’ನ ಹನ್ನೆರಡು ಕಂತುಗಳನ್ನು ಈ ತಿಳಿವಳಿಕೆಯೊಡನೆ ಮತ್ತೆ ಕೇಳಿದಾಗ, ಅಷ್ಟು ದನಿಗಳ ನಡುವೆ ಹೇ ಮಿನ್ ಲೀ ಬರುವುದು ಬಹುಮಟ್ಟಿಗೆ ಬೇರೊಬ್ಬರು ಓದಿಹೇಳಿದ ಆಕೆಯ ದಿನಚರಿಯ ಮೂಲಕ ಎಂಬುದು ಮನಸ್ಸನ್ನು ಕಲಕುತ್ತದೆ.

ನಾವು ನಿಸ್ಸಂದೇಹವಾಗಿ ಸೂಚಿಸುವುದು ‘ಇನ್ ದ ಡಾರ್ಕ್’ ಎಂಬುದರ ಎರಡನೆಯ ಮಾಲೆಯನ್ನು (2018). ಮಿಸಿಸಿಪಿ ರಾಜ್ಯದ ವೈನೋನಾ ಎಂಬ ಸಣ್ಣ ಪಟ್ಟಣದಲ್ಲಿ 1996ರ ಜುಲೈ 16ರಂದು ಪೀಠೋಪಕರಣಗಳ ಅಂಗಡಿಯೊಂದರಲ್ಲಿ ನಾಲ್ವರ ಕೊಲೆಯಾಯಿತು. ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ಜನಾಂಗದ ವ್ಯಕ್ತಿಯನ್ನು ಒಬ್ಬನೇ ಸರಕಾರಿ ಅಭಿಯೋಜಕನು ಒಂದೇ ಅಪರಾಧಕ್ಕಾಗಿ ಆರು ಸಲ ವಿಚಾರಣೆಗೆ ಗುರಿಪಡಿಸಿದನು. ನಿರೂಪಕಿ ಮೆಡಲಿನ್ ಬಾರನ್ ಮತ್ತು ಅವರ ಸಂಗಡಿಗರು ಆ ರಾಜ್ಯದಲ್ಲಿಯೇ ತಿಂಗಳುಗಟ್ಟಲೆ ನೆಲೆಸಿ, ಜಿಲ್ಲಾ ನ್ಯಾಯಾಲಯಗಳ ಕಡತಗಳನ್ನು ಪುಟಪುಟವಾಗಿ ಪ್ರತಿಮಾಡಿಕೊಂಡರು. ಇದರಲ್ಲಿ ನಮ್ಮನ್ನು ಸೆರೆಹಿಡಿದುದು ಕೊಲೆಯ ವೃತ್ತಾಂತವಲ್ಲ, ಎಣಿಕೆ. 1992ರಿಂದ 2017ರವರೆಗಿನ 225 ವಿಚಾರಣೆಗಳಲ್ಲಿ ಜ್ಯೂರಿಗೆ ಯಾರನ್ನು ಕರೆದರು, ಯಾರನ್ನು ಕೈಬಿಟ್ಟರು ಎಂಬುದನ್ನು ಅವರು ಒಬ್ಬೊಬ್ಬರಂತೆ ಗುರುತುಹಾಕಿದರು. ಆ ಅಭಿಯೋಜಕನ ಕಚೇರಿಯು ಬಿಳಿಯರಿಗಿಂತ ಕಪ್ಪು ಜನರನ್ನು ನಾಲ್ಕು ಪಟ್ಟಿಗೂ ಮಿಕ್ಕ ಪ್ರಮಾಣದಲ್ಲಿ ಕೈಬಿಟ್ಟಿತೆಂದು ಕಂಡುಬಂದಿತು. ಎಣಿಸಿದ ಕ್ರಮವನ್ನೂ ಅಂಕಿಗಳನ್ನೂ ಪ್ರಕಟಿಸಿ, ಬೇಕಾದವರು ಪರೀಕ್ಷಿಸಲಿ ಎಂದು ಬಿಟ್ಟರು. ಇದೇ ಚುಕ್ಕಿ, ಇದೇ ಕಂಸ.

ಫ್ಲವರ್ಸ್ ತನ್ನೆದುರು ತಪ್ಪೊಪ್ಪಿಕೊಂಡನೆಂದು ನುಡಿದಿದ್ದ ಸೆರೆಯಾಳು, ಅದೆಲ್ಲ ಕಟ್ಟುಕತೆಯೆಂದು ದೂರವಾಣಿಯಲ್ಲಿ ಇವರಿಗೆ ಹೇಳುವ ಭಾಗವನ್ನು ಕೇಳಿ ಮೈ ನಡುಗುತ್ತದೆ. ಅಲ್ಲಿಯೂ ಇವರು, ಸುಳ್ಳಾಡಿದವನ ಈ ಮಾತನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಯನ್ನು ಬಿಟ್ಟುಕೊಡುವುದಿಲ್ಲ. 2019ರ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಏಳಕ್ಕೆ ಎರಡು ಮತಗಳಿಂದ ಆರನೆಯ ತೀರ್ಪನ್ನು ರದ್ದುಗೊಳಿಸಿತು. ಕೈಬಿಡಲು ಸಾಧ್ಯವಿದ್ದ 42 ಮಂದಿ ಕಪ್ಪು ಜನರಲ್ಲಿ 41 ಮಂದಿಯನ್ನು ಆರು ವಿಚಾರಣೆಗಳಲ್ಲಿ ಕೈಬಿಟ್ಟುದನ್ನು ಅದು ಎತ್ತಿ ಹೇಳಿತು. 2020ರಲ್ಲಿ ಮೊಕದ್ದಮೆಯೇ ವಜಾ ಆಯಿತು. ಆ ವೇಳೆಗೆ ಫ್ಲವರ್ಸ್ ಹೆಚ್ಚುಕಡಮೆ ಇಪ್ಪತ್ತಮೂರು ವರ್ಷಗಳನ್ನು ಸೆರೆಯಲ್ಲಿ ಕಳೆದಿದ್ದನು. ಆ ನಾಲ್ವರನ್ನು ಕೊಂದವರಾರೆಂಬುದನ್ನು ಧಾರಾವಾಹಿ ನಿರ್ಣಯಿಸಲಿಲ್ಲ. ಪ್ರಮಾಣವಿರುವೆಡೆಗೆ ಹೋಗಿ ನಿಂತಿತು.

ಒಳಸಂಚಿನ ಕಥನಗಳನ್ನು ಕುರಿತು ಹೆಚ್ಚು ಹೇಳಲು ಮನಸ್ಸಿಲ್ಲ. 2023ರ ‘ಹೂ ಕಿಲ್ಡ್ ಜೆ.ಎಫ್.ಕೆ.?’ ಎಂಬುದರಲ್ಲಿ ಕೆನೆಡಿಯವರ ಮೇಲೆ ಗುಂಡು ಹಾರಿಸಿದವರೆಂದು ಹೆಸರುಗಳನ್ನೇ ಹೇಳುತ್ತಾರೆ. ಅಷ್ಟು ಭಾರವನ್ನು ಹೊರುವ ಪ್ರಮಾಣ ನಮಗೆ ಅದರಲ್ಲಿ ಕಾಣಲಿಲ್ಲ. ಅದರ ಬದಲು ವಿದ್ಯಾರ್ಥಿಗಳು ಅದೇ ಕೊಲೆಗೆ ಸಂಬಂಧಪಟ್ಟ ಒಂದು ಧ್ವನಿಮುದ್ರಣದ ಚರಿತ್ರೆಯನ್ನು ತಿಳಿಯುವುದು ಲೇಸು. ಡಲ್ಲಾಸ್ ಪೊಲೀಸರ ರೇಡಿಯೊ ಮುದ್ರಣದಲ್ಲಿ ನಾಲ್ಕನೆಯ ಗುಂಡಿನ ಸದ್ದು ಕೇಳಿಸುತ್ತದೆಂಬ ತಜ್ಞರ ಅಭಿಪ್ರಾಯವನ್ನು ಮುಖ್ಯವಾಗಿ ನೆಚ್ಚಿ, ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿ 1979ರಲ್ಲಿ ಬಹುಶಃ ಒಳಸಂಚು ನಡೆದಿರಬೇಕೆಂದು ತೀರ್ಮಾನಿಸಿತು. ಅದೇ ವರ್ಷ ಪತ್ರಿಕೆಯೊಂದು ಆ ಮುದ್ರಣವನ್ನು ತೆಳುವಾದ ಪ್ಲಾಸ್ಟಿಕ್ ತಟ್ಟೆಯಾಗಿ ಸಂಚಿಕೆಯೊಡನೆ ಹಂಚಿತು. ಒಹಾಯೊ ರಾಜ್ಯದ ಡ್ರಮ್ ವಾದಕರೊಬ್ಬರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿ, ಗುಂಡಿನ ಸದ್ದೆಂದು ಹೇಳಿದ ಕಡೆಯಲ್ಲಿಯೇ ಷೆರೀಫರ ಮಾತೊಂದು ಕ್ಷೀಣವಾಗಿ ಕೇಳಿಬರುವುದನ್ನು ಗುರುತಿಸಿದರು. ಆ ಮಾತನ್ನು ಆಡಿದುದು ಗುಂಡು ಹಾರಿ ಸುಮಾರು ಒಂದು ನಿಮಿಷವಾದ ಮೇಲೆ. 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಕಡೆಯಿಂದ ನೇಮಕವಾದ ಸಮಿತಿ ಇದನ್ನು ಪರೀಕ್ಷಿಸಿ, ಆ ಸದ್ದುಗಳು ಗುಂಡಿನವಲ್ಲವೆಂದು ವರದಿಮಾಡಿತು. ಮುಂದಿನ ವರ್ಷ ಆಧಾರಸಾಮಗ್ರಿಯ ಪಾಠ ಬಂದಾಗ ಆ ಮುದ್ರಣವನ್ನು ತರಗತಿಯಲ್ಲಿ, ಮೊದಲು ಏನನ್ನೂ ಹೇಳದೆ, ಕೇಳಿಸಬೇಕೆಂದಿದ್ದೇವೆ.