ಹಳೆಯ ಬೋರ್ಡೋ ವೈನ್: ಸವಿಯುವವರಿಗೊಂದು ಕೈಪಿಡಿ

ಅಡಿಕೆ ಬೆಳೆಗಾರರಿಗೆ ಬೋರ್ಡೋ ಹೆಸರು ಹೊಸದಲ್ಲ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು–ಸುಣ್ಣದ ದ್ರಾವಣ 1880ರ ದಶಕದಲ್ಲಿ ರೂಪುಗೊಂಡದ್ದು ಫ್ರಾನ್ಸಿನ ಆ ಸೀಮೆಯ ದ್ರಾಕ್ಷಿತೋಟಗಳಲ್ಲೇ. ಅಲ್ಲಿನ ಮೆಡಾಕ್ ಭಾಗದ ಒಳ್ಳೆಯ ಕೆಂಪು ವೈನ್, ಅದರಲ್ಲೂ ಕ್ಯಾಬರ್ನೆ ಸೋವಿನ್ಯೊನ್ ದ್ರಾಕ್ಷಿ ಹೆಚ್ಚಿರುವಂಥದು, ಇಪ್ಪತ್ತು ಮೂವತ್ತು ವರ್ಷ ಮಾಗಬಲ್ಲದು. ಅಂಥ ಬಾಟಲಿ ಕೈಸೇರಿದರೆ ಒಂದು ಮಾತು ನೆನಪಿರಲಿ: ವಯಸ್ಸೇ ಗುಣವಲ್ಲ. ಎಳೆಯ ಹಣ್ಣಿನ ಸೊಗಸು ಹೋದ ಜಾಗಕ್ಕೆ ಏನು ಬಂದಿದೆ ಎಂಬುದನ್ನು ನೋಡಿ ಬೆಲೆ ಕಟ್ಟಬೇಕು.

ತೆರೆಯುವ ಮುನ್ನ

ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಷ್ಟು ತಳ ಸೇರಲಿ. ವೈನಿನ ಮಟ್ಟ ಕತ್ತಿನ ಬುಡದಲ್ಲಿದ್ದರೆ ನೆಮ್ಮದಿ. ಹೆಗಲಿನ ನಡುವಿಗಿಂತ ಕೆಳಗಿಳಿದಿದ್ದರೆ ಗಾಳಿ ಕೆಲಸ ಮಾಡಿರುವ ಸಂಶಯ. ನಮ್ಮ ಬೇಸಿಗೆಯ ಕೋಣೆಯ ಬಿಸಿ ಇದಕ್ಕೆ ಹೊಂದದು. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ನಿಲ್ಲಿಸಿ 16–18 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಹಳೆಯ ಬಿರಡೆ ಬೇಗ ಪುಡಿಯಾಗುತ್ತದೆ, ನಿಧಾನವಾಗಿ ಎಳೆಯಿರಿ. ಕತ್ತಿನ ಹಿಂದೆ ದೀಪವಿಟ್ಟು ಒಂದೇ ಧಾರೆಯಲ್ಲಿ ಗಾಜಿನ ಹೂಜಿಗೆ ಬಗ್ಗಿಸಿ. ಗಷ್ಟು ಕಂಡೊಡನೆ ನಿಲ್ಲಿಸಿ. ಇದನ್ನು ಕುಡಿಯುವ ಹೊತ್ತಿಗೇ ಮಾಡಿ. ಹಳೆಯ ಪರಿಮಳ ಗಾಳಿಯಲ್ಲಿ ಬಹಳ ಹೊತ್ತು ನಿಲ್ಲದು.

ಕಣ್ಣು, ಮೂಗು

ಬಿಳಿ ಬಟ್ಟೆಯ ಮೇಲೆ ಗ್ಲಾಸನ್ನು ವಾಲಿಸಿ. ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುವುದು ಸಹಜ. ಇಡೀ ವೈನ್ ಕಂದಾಗಿ ಮಂಕಾಗಿದ್ದರೆ ಹುಷಾರು. ಮೊದಲ ಉಸಿರಿಗೆ ಮುಗ್ಗಲು ವಾಸನೆ ಬಂದರೆ ಕೈಬಿಡಬೇಡಿ. ದಶಕಗಳ ಕಾಲ ಮುಚ್ಚಿದ್ದ ಬಾಟಲಿಯ ಮುಗ್ಗಲು ಹತ್ತು ಹದಿನೈದು ನಿಮಿಷದಲ್ಲಿ ಹೋಗುತ್ತದೆ; ಆಮೇಲೆ ತಂಬಾಕು, ದೇವದಾರು, ಚರ್ಮ, ಅಣಬೆ, ಒದ್ದೆ ತರಗೆಲೆಯ ಪರಿಮಳಗಳು ಒಂದೊಂದಾಗಿ ಮೇಲೇಳುತ್ತವೆ. ನೆನೆದ ರಟ್ಟಿನ ವಾಸನೆ ಮಾತ್ರ ಹೋಗುವುದಿಲ್ಲ. ಅದು ಬಿರಡೆಯಿಂದ ಬಂದ ಟ್ರೈಕ್ಲೋರೊಅನಿಸೋಲ್ ದೋಷ. ಕಾದಷ್ಟೂ ಎದ್ದು ಕಾಣುತ್ತದೆ.

ನಾಲಗೆ

ಎಳೆಯ ಬೋರ್ಡೋದ ಒಗರು ಗೇರುಹಣ್ಣಿನಂತೆ ಬಾಯಿ ಹಿಡಿಯುತ್ತದೆ. ವರ್ಷಗಳು ಕಳೆದಂತೆ ಒಗರಿನ ಟ್ಯಾನಿನ್‌ಗಳು ಬಣ್ಣದ ಅಂಶಗಳೊಡನೆ ಬೆಸೆದುಕೊಂಡು, ಒಂದಷ್ಟು ಗಷ್ಟಾಗಿ ಇಳಿಯುತ್ತವೆ. ಬಣ್ಣ ತಿಳಿಯಾಗುವುದೂ ಒಗರು ಮೆತ್ತಗಾಗುವುದೂ ಇದರಿಂದಲೇ. ಹುಳಿ ಮಾತ್ರ ಹೆಚ್ಚು ಕರಗುವುದಿಲ್ಲ. ಆ ಹುಳಿಯನ್ನು ಹೊರಲು ಒಣಹಣ್ಣಿನ ಸವಿ ಇನ್ನೂ ಉಳಿದಿದೆಯೇ? ನುಂಗಿದ ಮೇಲೂ ರುಚಿ ನಿಲ್ಲುತ್ತದೆಯೇ? ಎರಡಕ್ಕೂ ಹೌದೆಂದರೆ ಬಾಟಲಿ ಜೀವಂತವಾಗಿದೆ. ಹಣ್ಣು ಬತ್ತಿ ಹುಳಿಯೊಂದೇ ಉಳಿದಿದ್ದರೆ ಅದರ ಕಾಲ ಮುಗಿದಿದೆ.

ತೀರ್ಪು

ಸುರಿದೊಡನೆ ಒಮ್ಮೆ, ಅರ್ಧ ಗಂಟೆಯ ಬಳಿಕ ಒಮ್ಮೆ, ಗಂಟೆ ಕಳೆದು ಮತ್ತೊಮ್ಮೆ ಸವಿದು ಬರೆದಿಡಿ. ಬಿರಡೆಗಳು ಒಂದೇ ಅಳತೆಯಲ್ಲಿ ಗಾಳಿ ಬಿಡುವುದಿಲ್ಲ. ಹಾಗಾಗಿ ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳೂ ಬೇರೆ ಬೇರೆಯಾಗಿ ಮಾಗಬಹುದು. ಬೋರ್ಡೋ ವೈನ್‌ಗಳ 1855ರ ಶ್ರೇಣಿಪಟ್ಟಿಯ ಹೆಸರಾಗಲಿ 1982ರಂಥ ಹೆಸರಾಂತ ವರ್ಷವಾಗಲಿ ನಿಮ್ಮ ಮುಂದಿರುವ ಬಾಟಲಿಗೆ ಜಾಮೀನು ಕೊಡಲಾರವು. ಲೇಬಲ್ಲಿಗೆ ಬಟ್ಟೆ ಸುತ್ತಿ ಸ್ನೇಹಿತರಿಗೂ ಸುರಿಯಿರಿ, ಎಲ್ಲರೂ ಬರೆದು ಮುಗಿಸಿದ ಮೇಲೆಯೇ ಬಿಚ್ಚಿ. ಹೆಸರು ನೋಡಿದ ಮೇಲೆ ಬರೆದದ್ದನ್ನು ತಿದ್ದಬೇಡಿ.